ಮನೆ ಹರಾಜಾಗುವ ಮುನ್ನ: ಸಾಲಗಾರರಿಗೆ ದೊರೆಯುವ ಉಚಿತ ನೆರವು

ವ್ಯಾಪಾರದ ಸಾಲಕ್ಕೆ ವಾಸದ ಮನೆಯನ್ನು ಆಧಾರವಾಗಿ ಕೊಡುವುದು ಸಣ್ಣ ವರ್ತಕರಲ್ಲಿಯೂ ಕಿರು ಉದ್ದಿಮೆದಾರರಲ್ಲಿಯೂ ಸರ್ವೇಸಾಮಾನ್ಯ. ದಾಸ್ತಾನು ಮತ್ತು ಬರಬೇಕಾದ ಬಾಕಿಗಳ ಮೇಲೆ ಕ್ಯಾಷ್ ಕ್ರೆಡಿಟ್ ಮಂಜೂರಾದರೂ, ಹೆಚ್ಚುವರಿ ಭದ್ರತೆಗೆಂದು ಮನೆಯ ಹಕ್ಕುಪತ್ರಗಳು ಬ್ಯಾಂಕಿನ ವಶಕ್ಕೆ ಸೇರುತ್ತವೆ. ಅನೇಕ ವೇಳೆ ಆ ಮನೆ ಪತ್ನಿಯ ಅಥವಾ ತಾಯಿಯ ಹೆಸರಿನಲ್ಲಿರುತ್ತದೆ. ವ್ಯಾಪಾರ ಕೈಕೊಟ್ಟಾಗ ಮುಚ್ಚುವುದು ಅಂಗಡಿಯ ಬಾಗಿಲಷ್ಟೇ ಅಲ್ಲ, ಮನೆಯ ಬಾಗಿಲೂ ಹೌದು.

ಇಂತಹ ಸಂದರ್ಭದಲ್ಲಿ ಕಾನೂನು ಹಲವು ಬಗೆಯ ನೆರವನ್ನು ಉಚಿತವಾಗಿಯೇ ಒದಗಿಸಿದೆ. ಆದರೆ ಪ್ರತಿಯೊಂದು ನೆರವಿಗೂ ಅದರದೇ ಆದ ಕಾಲವಿದೆ. ಆ ಕಾಲ ಮೀರಿದ ಮೇಲೆ ಹಣ ಖರ್ಚು ಮಾಡಿದರೂ ಫಲ ದೊರೆಯುವುದು ಕಷ್ಟ.

ಕಾಯ್ದೆಯ ಸ್ವರೂಪ

2002ರ ಸರ್ಫೇಸಿ ಕಾಯ್ದೆಯು ನ್ಯಾಯಾಲಯದಲ್ಲಿ ದಾವೆ ಹೂಡದೆಯೇ ಆಧಾರದ ಆಸ್ತಿಯನ್ನು ಸ್ವಾಧೀನಪಡಿಸಿಕೊಂಡು ಮಾರುವ ಅಧಿಕಾರವನ್ನು ಬ್ಯಾಂಕುಗಳಿಗೆ ನೀಡಿತು. ಸಹಕಾರಿ ಬ್ಯಾಂಕುಗಳಿಗೂ ಈ ಅಧಿಕಾರವಿದೆಯೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಪಿತ್ತಿದೆ. ಕೃಷಿ ಭೂಮಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಅಸಲು ಮತ್ತು ಬಡ್ಡಿಯ ಒಟ್ಟು ಮೊತ್ತದಲ್ಲಿ ಉಳಿದ ಬಾಕಿ ಶೇ. 20ಕ್ಕಿಂತ ಕಡಿಮೆಯಿದ್ದಾಗಲೂ ಇದನ್ನು ಬಳಸುವಂತಿಲ್ಲ.

ಮೊದಲ ತೊಂಬತ್ತು ದಿನಗಳು

ಕಂತು ಅಥವಾ ಬಡ್ಡಿ 90 ದಿನಗಳಿಗಿಂತ ಹೆಚ್ಚು ಕಾಲ ಬಾಕಿ ಉಳಿದರೆ ಖಾತೆಯು ಅನುತ್ಪಾದಕ ಆಸ್ತಿ, ಅಂದರೆ ಎನ್‌ಪಿಎ ಎನಿಸಿಕೊಳ್ಳುತ್ತದೆ. ಅದಕ್ಕೆ ಮುನ್ನಿನ ಅವಧಿಯೇ ಅತ್ಯಂತ ಬೆಲೆಯುಳ್ಳದ್ದು. ಆದರೆ ಬಹುತೇಕ ಸಾಲಗಾರರು ಬ್ಯಾಂಕಿನವರ ಕಣ್ಣು ತಪ್ಪಿಸಿ ತಿರುಗುವುದೂ ಇದೇ ಅವಧಿಯಲ್ಲಿ.

ಕಿರು, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಪುನಶ್ಚೇತನಕ್ಕಾಗಿ ಕೇಂದ್ರ ಸರ್ಕಾರವು 29 ಮೇ 2015ರಂದು ಒಂದು ಕಾರ್ಯವಿಧಾನವನ್ನು ಪ್ರಕಟಿಸಿತು. 25 ಕೋಟಿ ರೂಪಾಯಿವರೆಗಿನ ಸಾಲವಿರುವ ಘಟಕವು ತೊಂದರೆಯ ಸೂಚನೆ ಕಂಡೊಡನೆ ತಾನಾಗಿಯೇ ಬ್ಯಾಂಕಿನ ಸಮಿತಿಗೆ ಅರ್ಜಿ ಸಲ್ಲಿಸಬಹುದು. ಸಮಿತಿಯು ಖಾತೆಯನ್ನು ಸರಿಪಡಿಸುವ, ಸಾಲವನ್ನು ಪುನರ್‌ರಚಿಸುವ ಅಥವಾ ವಸೂಲಿಗೆ ಮುಂದಾಗುವ ನಿರ್ಧಾರ ಕೈಗೊಳ್ಳುತ್ತದೆ. ಈ ಕಾರ್ಯವಿಧಾನವು ಬ್ಯಾಂಕುಗಳಿಗೆ ಕಡ್ಡಾಯವೆಂದೂ, ಆದರೆ ತಾನು ಅದಕ್ಕೆ ಅರ್ಹನೆಂಬುದನ್ನು ಉದ್ದಿಮೆದಾರನು ಖಾತೆ ಎನ್‌ಪಿಎ ಆಗುವ ಮುನ್ನವೇ ದಾಖಲೆ ಸಹಿತ ಬ್ಯಾಂಕಿನ ಗಮನಕ್ಕೆ ತರಬೇಕೆಂದೂ ಸರ್ವೋಚ್ಚ ನ್ಯಾಯಾಲಯವು 2024ರಲ್ಲಿ ಹೇಳಿದೆ. ಇದಕ್ಕೆ ಬೇಕಾದ ಉದ್ಯಮ್ ನೋಂದಣಿಗೆ ಯಾವ ಶುಲ್ಕವೂ ಇಲ್ಲ.

ವರ್ತಕರು ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೆ 2021ರಲ್ಲಿ ಉದ್ಯಮ್ ನೋಂದಣಿಗೆ ಅವಕಾಶ ನೀಡಿದಾಗ, ಅದರ ಪ್ರಯೋಜನವನ್ನು ಆದ್ಯತಾ ವಲಯದ ಸಾಲಕ್ಕೆ ಸೀಮಿತಗೊಳಿಸಲಾಯಿತು. ಆದುದರಿಂದ ಕೇವಲ ವ್ಯಾಪಾರ ಮಾಡುವವರು ಈ ಕಾರ್ಯವಿಧಾನವನ್ನೇ ನಂಬಿ ಕೂರದೆ, ಕಂತಿನ ಮರುಹೊಂದಾಣಿಕೆಗಾಗಿ ಶಾಖೆಗೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯುವುದು ಲೇಸು.

ಅರವತ್ತು ದಿನಗಳ ನೋಟೀಸು

ಖಾತೆ ಎನ್‌ಪಿಎ ಆದ ಬಳಿಕ ಕಾಯ್ದೆಯ 13(2)ನೆಯ ಪ್ರಕರಣದನ್ವಯ ತಗಾದೆ ನೋಟೀಸು ಬರುತ್ತದೆ. ಬಾಕಿಯ ವಿವರವೂ ಆಧಾರದ ಆಸ್ತಿಯ ವಿವರವೂ ಅದರಲ್ಲಿರಬೇಕು. ಪಾವತಿಗೆ 60 ದಿನಗಳ ಅವಕಾಶವಿರುತ್ತದೆ. ನೋಟೀಸು ಜೂನ್ 1ರಂದು ಕೈಸೇರಿದರೆ ಜುಲೈ 31ಕ್ಕೆ ಆ ಅವಧಿ ಮುಗಿಯುತ್ತದೆ.

ಈ ಅವಧಿಯಲ್ಲಿ ಸಾಲಗಾರನು ಆಕ್ಷೇಪಣೆ ಸಲ್ಲಿಸಬಹುದು. ಲೆಕ್ಕದಲ್ಲಿ ಸೇರದ ಜಮೆ, ತಪ್ಪಾದ ಬಡ್ಡಿ ದರ, ಇತ್ಯರ್ಥವಾಗದ ಪುನಶ್ಚೇತನ ಅರ್ಜಿ ಇವೆಲ್ಲವನ್ನೂ ಅದರಲ್ಲಿ ಕಾಣಿಸಬೇಕು. ಬ್ಯಾಂಕು 15 ದಿನಗಳೊಳಗೆ ಕಾರಣ ಸಹಿತ ಉತ್ತರ ನೀಡುವುದು ಕಡ್ಡಾಯ. ಆಕ್ಷೇಪಣೆಗೆ ಶುಲ್ಕವಿಲ್ಲ, ಖಾತೆಯ ತಃಖ್ತೆ ಮತ್ತು ಒಂದು ಅಂಚೆ ಲಕೋಟೆ ಸಾಕು. ಇದನ್ನು ಕೈಬಿಟ್ಟವರು ಮುಂದೆ ನ್ಯಾಯಮಂಡಳಿಯಲ್ಲಿ ದುರ್ಬಲರಾಗುತ್ತಾರೆ.

ನೋಟೀಸು ತಲುಪಿದ ನಂತರ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಆ ಮನೆಯನ್ನು ಮಾರುವಂತಿಲ್ಲ. ಒಪ್ಪಿಗೆ ಪಡೆದು ಮಾಲೀಕರೇ ಕೊಳ್ಳುವವರನ್ನು ಹುಡುಕಿದರೆ, ಹರಾಜಿಗಿಂತ ಉತ್ತಮ ಬೆಲೆ ದೊರೆಯುವ ಸಾಧ್ಯತೆಯಿದೆ.

ಸ್ವಾಧೀನದ ನಂತರ

ಬಾಕಿ ತೀರದಿದ್ದರೆ ಬ್ಯಾಂಕು ಸ್ವಾಧೀನದ ನೋಟೀಸನ್ನು ಮನೆಯ ಗೋಡೆಗೆ ಅಂಟಿಸಿ, ಎರಡು ಪತ್ರಿಕೆಗಳಲ್ಲಿ ಪ್ರಕಟಿಸುತ್ತದೆ. ಈ ಕ್ರಮದ ವಿರುದ್ಧ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬೇಕು. ಕರ್ನಾಟಕದವರಿಗೆ ಇದು ಬೆಂಗಳೂರಿನಲ್ಲಿದೆ. ನ್ಯಾಯಮಂಡಳಿಯ ವ್ಯಾಪ್ತಿಗೆ ಸೇರಿದ ವಿಷಯಗಳಲ್ಲಿ ಸಿವಿಲ್ ನ್ಯಾಯಾಲಯಕ್ಕೆ ಅಧಿಕಾರವಿಲ್ಲ. ಇದನ್ನರಿಯದೆ ಊರಿನ ನ್ಯಾಯಾಲಯದಲ್ಲಿ ತಡೆಯಾಜ್ಞೆ ಕೇಳುತ್ತ 45 ದಿನಗಳನ್ನು ಕಳೆದುಕೊಳ್ಳಬಾರದು.

ಪೂರ್ಣ ಬಾಕಿ ಕಟ್ಟಿ ಮನೆಯನ್ನು ಬಿಡಿಸಿಕೊಳ್ಳುವ ಹಕ್ಕಿಗೂ ಗಡುವಿದೆ. 2016ರ ತಿದ್ದುಪಡಿಯ ತರುವಾಯ ಆ ಹಕ್ಕು ಹರಾಜಿನ ಪ್ರಕಟಣೆ ಹೊರಬೀಳುವವರೆಗೆ ಮಾತ್ರ ಉಳಿಯುತ್ತದೆಂದು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಸ್ಪಷ್ಟಪಡಿಸಿದೆ. ಹರಾಜಿನ ದಿನ ಹಣ ತಂದರಾಯಿತೆಂಬ ಹಳೆಯ ನಂಬಿಕೆ ಈಗ ಅಪಾಯಕಾರಿ.

ಉಚಿತ ವಕೀಲರು ಯಾರಿಗೆ?

1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೆಯ ಪ್ರಕರಣವು ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ನಿಗದಿತ ಮಿತಿಗಿಂತ ಕಡಿಮೆ ವರಮಾನವುಳ್ಳವರು ಮೊದಲಾದವರಿಗೆ ಉಚಿತ ಕಾನೂನು ನೆರವಿನ ಹಕ್ಕು ನೀಡಿದೆ. ಇವರಲ್ಲಿ ಮಹಿಳೆಯರಿಗೆ ವರಮಾನದ ಮಿತಿಯೇ ಇಲ್ಲ.

ವರ್ತಕ ಕುಟುಂಬಗಳ ಗಮನಕ್ಕೆ ಅಷ್ಟಾಗಿ ಬಾರದ ಸಂಗತಿ ಇದು. ಮನೆ ಪತ್ನಿಯ ಅಥವಾ ತಾಯಿಯ ಹೆಸರಿನಲ್ಲಿದ್ದು ಅವರು ಜಾಮೀನುದಾರರಾಗಿದ್ದರೆ, ಸರ್ಫೇಸಿ ಕಾಯ್ದೆಯ ದೃಷ್ಟಿಯಲ್ಲಿ ಅವರೂ ಸಾಲಗಾರರೇ. ಆದ್ದರಿಂದ ಅವರು ತಮ್ಮ ಹೆಸರಿನಲ್ಲಿಯೇ ಆಕ್ಷೇಪಣೆ ಸಲ್ಲಿಸಬಹುದು, ಉಚಿತ ವಕೀಲರನ್ನೂ ಕೋರಬಹುದು. ನ್ಯಾಯಮಂಡಳಿಗಳೂ ಈ ನೆರವಿನ ವ್ಯಾಪ್ತಿಗೆ ಬರುತ್ತವೆ. ಮೇಲ್ನೋಟಕ್ಕೆ ಪ್ರಕರಣದಲ್ಲಿ ಹುರುಳಿದೆಯೆಂದು ಪ್ರಾಧಿಕಾರಕ್ಕೆ ಮನವರಿಕೆಯಾಗಬೇಕು, ಅಷ್ಟೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ನೇರವಾಗಿ ಸಂಪರ್ಕಿಸಬಹುದು. ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 15100.

ಲೋಕ ಅದಾಲತ್ ಮತ್ತು ಒಂಬಡ್ಸ್‌ಮನ್

ಉಭಯ ಪಕ್ಷಗಳೂ ಒಪ್ಪಿದರೆ ಸಾಲದ ವ್ಯಾಜ್ಯವನ್ನು ಲೋಕ ಅದಾಲತ್‌ನಲ್ಲಿ ಶುಲ್ಕವಿಲ್ಲದೆ ಇತ್ಯರ್ಥಪಡಿಸಿಕೊಳ್ಳಬಹುದು. ಅಲ್ಲಿನ ತೀರ್ಪಿಗೆ ಮೇಲ್ಮನವಿಯಿಲ್ಲವಾದ ಕಾರಣ, ಕಟ್ಟಲು ಸಾಧ್ಯವಿರುವ ಮೊತ್ತಕ್ಕಷ್ಟೇ ಒಪ್ಪಬೇಕು. ಏಕಕಾಲಿಕ ಇತ್ಯರ್ಥವನ್ನು ಸಾಲಗಾರನು ಹಕ್ಕಾಗಿ ಕೇಳಲಾಗದೆಂಬುದು 2021ರ ಸರ್ವೋಚ್ಚ ನ್ಯಾಯಾಲಯದ ತೀರ್ಪು. ಆದುದರಿಂದ ಹಣದ ಮೂಲವನ್ನು ತೋರಿಸಿ ಮಾತಿಗೆ ಕೂರುವುದು ವಿವೇಕ.

ಬ್ಯಾಂಕಿನ ಸೇವಾಲೋಪದ ಬಗ್ಗೆ ದೂರಿತ್ತು 30 ದಿನಗಳಾದರೂ ಉತ್ತರ ಬಾರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬಡ್ಸ್‌ಮನ್‌ಗೆ ಉಚಿತವಾಗಿ ದೂರು ನೀಡಬಹುದು. ಆದರೆ ಸಾಲ ಪುನರ್‌ರಚಿಸಬೇಕೇ ಬೇಡವೇ ಎಂಬ ವ್ಯಾವಹಾರಿಕ ತೀರ್ಮಾನದಲ್ಲಿ ಅವರು ಕೈಹಾಕುವುದಿಲ್ಲ. ದೂರು ಕೊಟ್ಟ ಮಾತ್ರಕ್ಕೆ 60 ಅಥವಾ 45 ದಿನಗಳ ಗಡುವೂ ನಿಲ್ಲುವುದಿಲ್ಲ.

ಕೊನೆಯ ಮಾತು

ಪತ್ರಿಕೆಯಲ್ಲಿ ಸ್ವಾಧೀನದ ಪ್ರಕಟಣೆ ಬಂದೊಡನೆ, ಹರಾಜು ನಿಲ್ಲಿಸಿಕೊಡುವುದಾಗಿ ಮುಂಗಡ ಕೇಳುವ ಮಧ್ಯವರ್ತಿಗಳು ಮನೆಗೆ ಬರುವುದುಂಟು. ಅವರಿಗೆ ಖಾಲಿ ಚೆಕ್ಕನ್ನಾಗಲಿ, ಸಹಿ ಮಾಡಿದ ಛಾಪಾ ಕಾಗದವನ್ನಾಗಲಿ ಕೊಡಬಾರದು. ಮಂಜೂರಾತಿ ಪತ್ರ, ಖಾತೆಯ ತಃಖ್ತೆ, ಬಂದ ನೋಟೀಸುಗಳು ಹಾಗೂ ಅವುಗಳ ಲಕೋಟೆಗಳನ್ನು ಒಂದೇ ಕಡತದಲ್ಲಿಟ್ಟು, ಪ್ರತಿ ನೋಟೀಸಿನ ಮೇಲೆ ಅದು ಕೈಸೇರಿದ ದಿನಾಂಕವನ್ನು ಬರೆದಿಡಬೇಕು. ಉಚಿತ ನೆರವು ನೀಡುವ ವಕೀಲರು ಮೊದಲು ಕೇಳುವುದು ಆ ದಿನಾಂಕವನ್ನೇ.