ತಂತಿ ವಿಮಾನಕ್ಕೆ ಟೈಮರ್ ಹೊಂದಿಸುವುದು

ಕಂಟ್ರೋಲ್ ಲೈನ್ ಮಾದರಿ ವಿಮಾನಕ್ಕೆ ರೇಡಿಯೋ ಬೇಕಿಲ್ಲ. ಹಾರಿಸುವವರು ವೃತ್ತದ ನಡುವೆ ಹಿಡಿಕೆ ಹಿಡಿದು ನಿಲ್ಲುತ್ತಾರೆ. ಎರಡು ತೆಳು ಉಕ್ಕಿನ ತಂತಿಗಳು ವಿಮಾನದೊಳಗಿನ ಬೆಲ್‌ಕ್ರ್ಯಾಂಕ್ ಎಂಬ ಸನ್ನೆಯನ್ನು ಎಳೆದು ಬಾಲದ ಎಲಿವೇಟರನ್ನು ಆಡಿಸುತ್ತವೆ. ಮೋಟರು ಮಾತ್ರ ಅವರ ಕೈಯಲ್ಲಿಲ್ಲ. ಎಂಜಿನ್ ಇದ್ದಾಗ ಟ್ಯಾಂಕಿನ ಇಂಧನ ತೀರಿದರೆ ಹಾರಾಟ ಮುಗಿಯುತ್ತಿತ್ತು. ಬ್ಯಾಟರಿ ಬಂದ ಮೇಲೆ ಆ ಕೆಲಸ ಟೈಮರಿನ ಪಾಲಾಯಿತು.

ಎನ್‌ಸಿಸಿ ವಾಯುದಳದ ಕೆಡೆಟ್‌ಗಳಿಗೆ ಈ ವಿಮಾನ ಹಳೆಯ ಪರಿಚಯ. ಗಡಹಿಂಗ್ಲಜ ತಾಲೂಕಿನ ಮಹಾಗಾಂವದಲ್ಲಿ ಎಂಜಿನಿಯರಿಂಗ್ ಕಾಲೇಜೇ ಇದೆ. ಅಲ್ಲಿನ ವಿದ್ಯಾರ್ಥಿಗಳು ಸಣ್ಣದೊಂದು ಮೈಕ್ರೋಕಂಟ್ರೋಲರಿನಿಂದ ಈ ಟೈಮರನ್ನು ತಾವೇ ಮಾಡಿಕೊಳ್ಳಬಹುದು. ಅದು ಮಾಡುವುದಿಷ್ಟೆ: ಸೆಕೆಂಡಿಗೆ 50 ಸಲ, 1ರಿಂದ 2 ಮಿಲಿಸೆಕೆಂಡ್ ಅಗಲದ ಪಲ್ಸ್ ಕಳಿಸುವುದು. ಮೋಟರಿನ ವೇಗ ನಿಯಂತ್ರಿಸುವ ಇಎಸ್‌ಸಿಯಿಂದ, ರೇಡಿಯೋ ವಿಮಾನದಲ್ಲಾದರೆ ರಿಸೀವರಿಗೆ ಚುಚ್ಚುವ ಮೂರು ಎಳೆಯ ವೈರು ಬರುತ್ತದೆ; ಅದನ್ನು ಟೈಮರಿಗೆ ಚುಚ್ಚಿದರಾಯಿತು.

ಹೊಂದಿಸುವಾಗ ಪ್ರೊಪೆಲ್ಲರ್ ಬಿಚ್ಚಿಡಿ. ಇದರಲ್ಲಿ ರಿಯಾಯಿತಿ ಇಲ್ಲ.

ಟೈಮರಿನ ಗುಂಡಿ ಒತ್ತಿದ ಮೇಲೆ ಮೋಟರು ತಿರುಗುವ ಮುನ್ನ 30 ಸೆಕೆಂಡ್ ಬಿಡುವು ಇರಲಿ. ಅಷ್ಟರಲ್ಲಿ ವೃತ್ತದ ನಡುವಿಗೆ ನಡೆದು, ಹಿಡಿಕೆಯ ಪಟ್ಟಿಯನ್ನು ಮಣಿಕಟ್ಟಿಗೆ ಬಿಗಿದುಕೊಳ್ಳಬೇಕು. ಜೊತೆಗಾರರು ವಿಮಾನವನ್ನು ಹಿಂದಿನಿಂದ ಹಿಡಿದಿರುತ್ತಾರೆ. ಮೋಟರು ಒಮ್ಮೆಲೇ ಜಗ್ಗದೆ ಮೆಲ್ಲಗೆ ವೇಗ ಏರಿಸಿಕೊಳ್ಳುವಂತಿರಲಿ.

ವೇಗವನ್ನು ಸುತ್ತಿನ ಲೆಕ್ಕದಲ್ಲಿ ಅಳೆಯಿರಿ. 18 ಮೀಟರ್ ತ್ರಿಜ್ಯದ ಒಂದು ಸುತ್ತು ಸುಮಾರು 113 ಮೀಟರ್, ಅದಕ್ಕೆ 5.2 ಸೆಕೆಂಡ್ ಹಿಡಿದರೆ ಗಂಟೆಗೆ 78 ಕಿಲೋಮೀಟರ್ ಆಯಿತು. ಬ್ಯಾಟರಿ ಇಳಿದಂತೆ ಮೋಟರೂ ಕುಗ್ಗುತ್ತದೆ. ಗವರ್ನರ್ ಇರುವ ಇಎಸ್‌ಸಿ ಕೊನೆಯ ಸುತ್ತಿನವರೆಗೂ ಒಂದೇ ವೇಗ ಕಾಯುತ್ತದೆ, ಹಾಗಾಗಿ ದುಡ್ಡು ತುಸು ಹೆಚ್ಚಾದರೂ ಅದನ್ನೇ ಕೊಳ್ಳಿ.

ಎಲ್ಲಕ್ಕಿಂತ ಮುಖ್ಯ, ಹಾರಾಟದ ಅವಧಿ. ಇದನ್ನು ಅಂದಾಜಿನ ಮೇಲೆ ಇಡುವವರೇ ಹೆಚ್ಚು; ಅದು ತಪ್ಪು. ಮೊದಲು 3 ನಿಮಿಷಕ್ಕೆ ಇಟ್ಟು ಹಾರಿಸಿ. ಆಮೇಲೆ ಚಾರ್ಜರ್ ಎಷ್ಟು ತುಂಬಿತು ಎಂದು ಅದರ ಪರದೆಯಲ್ಲಿ ನೋಡಿ. 900 ಮಿಲಿಆಂಪ್‌ಅವರ್ ಎಂದು ತೋರಿಸಿದರೆ ನಿಮಿಷಕ್ಕೆ 300 ಖರ್ಚು. ಲಿಥಿಯಂ ಪಾಲಿಮರ್ ಬ್ಯಾಟರಿಯನ್ನು ಪೂರ್ತಿ ಬಸಿದರೆ ಅದು ಕೆಡುತ್ತದೆ; ಐದರಲ್ಲೊಂದು ಪಾಲು ಉಳಿಸಬೇಕು. 2200ರ ಬ್ಯಾಟರಿಯಲ್ಲಿ ಬಳಸಬಹುದಾದ್ದು 1760. ಲೆಕ್ಕ ಸುಮಾರು 5 ನಿಮಿಷ 50 ಸೆಕೆಂಡಿಗೆ ಬಂದರೂ ಐದೂವರೆಗೇ ನಿಲ್ಲಿಸಿ. ಅಂತರರಾಷ್ಟ್ರೀಯ ಎಫ್2ಬಿ ಕಸರತ್ತಿನ ಸ್ಪರ್ಧೆಯಲ್ಲಿ ಶುರುವಿನಿಂದ ಇಳಿಯುವವರೆಗೆ ಸಿಗುವುದೇ 7 ನಿಮಿಷ, ಐದೂವರೆ ಸಾಕಾಗುತ್ತದೆ.

ಮೋಟರು ನಿಲ್ಲುವ ಕೆಲವು ಸೆಕೆಂಡ್ ಮುಂಚೆ ಅದರ ಸದ್ದು ಒಮ್ಮೆ ಏರಿಳಿಯುವಂತೆ ಹೊಂದಿಸಲು ಬಂದರೆ ಬಿಡಬೇಡಿ. ವಿಮಾನ ನೆತ್ತಿಯ ಮೇಲಿದ್ದಾಗ ಮೋಟರು ನಿಂತರೆ ತಂತಿ ಸಡಿಲಾಗುತ್ತದೆ, ಹಿಡಿಕೆ ಎಷ್ಟು ಎಳೆದರೂ ಎಲಿವೇಟರ್ ಕೇಳುವುದಿಲ್ಲ. ಮುನ್ಸೂಚನೆ ಕೇಳಿಸಿದೊಡನೆ ವಿಮಾನವನ್ನು ಕೆಳಕ್ಕೆ ತಂದು ನೇರ ಹಾರಿಸಿ.

ಇನ್ನು ಜಾಗದ ಮಾತು. ಗಡಹಿಂಗ್ಲಜ ಸೀಮೆಯ ಕಬ್ಬಿನ ಗದ್ದೆಗಳ ಮೇಲೆ ಪಂಪ್‌ಸೆಟ್ಟಿನ ಕರೆಂಟು ತಂತಿ ಹಾದಿರುತ್ತದೆ. ವಿಮಾನದ ತಂತಿಯೂ ಉಕ್ಕೇ, ಅದರ ತುದಿ ನಿಮ್ಮ ಕೈಯಲ್ಲಿ. ಕರೆಂಟು ತಂತಿ ಹತ್ತಿರವಿರುವ ಬಯಲಲ್ಲಿ ದಯವಿಟ್ಟು ಹಾರಿಸಬೇಡಿ.