ಹಣ್ಣುನೊಣದ 24 ಗಂಟೆ

ಕಳಿತ ಬಾಳೆಹಣ್ಣಿಗೆ ಮುತ್ತುವ ಹಣ್ಣುನೊಣವನ್ನು ದಿನವಿಡೀ ಕತ್ತಲಲ್ಲಿಟ್ಟರೂ ಅದು ಹೊತ್ತಿಗೆ ಸರಿಯಾಗಿ ಏಳುತ್ತದೆ, ಹೊತ್ತಿಗೆ ಸರಿಯಾಗಿ ಮಲಗುತ್ತದೆ. 1971ರಲ್ಲಿ ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯ ರೊನಾಲ್ಡ್ ಕೊನೊಪ್ಕ ಮತ್ತು ಸೀಮೋರ್ ಬೆಂಜರ್ ಈ ಲಯ ಕೆಟ್ಟ ಮೂರು ಬಗೆಯ ನೊಣಗಳನ್ನು ಕಂಡುಹಿಡಿದರು. ಒಂದರ ದಿನ 19 ಗಂಟೆ, ಇನ್ನೊಂದರದು 28, ಮತ್ತೊಂದಕ್ಕೆ ಲಯವೇ ಇಲ್ಲ. ಮೂರರಲ್ಲೂ ದೋಷ ಇದ್ದದ್ದು ಒಂದೇ ಜೀನಿನಲ್ಲಿ. ಅದೇ ‘ಪೀರಿಯಡ್’.

ಆದರೆ ಹೊತ್ತನ್ನು ಅಳೆಯುವುದು ಜೀನ್ ಒಂದರ ಕೈಲಾಗದ ಕೆಲಸ. ಅದು ನಡೆಯುವುದು ಪ್ರೋಟೀನುಗಳು ಕೂಡಿ ಅಗಲುವ ಆಟದಲ್ಲಿ. ಜೆಫ್ರಿ ಹಾಲ್, ಮೈಕೆಲ್ ರೋಸ್‌ಬಾಶ್, ಮೈಕೆಲ್ ಯಂಗ್ ಮತ್ತು ಅವರ ಓರಗೆಯವರು ಇದನ್ನು ಎಳೆ ಎಳೆಯಾಗಿ ಬಿಡಿಸಿದರು.

ಕ್ಲಾಕ್, ಸೈಕಲ್ ಎಂಬ ಪ್ರೋಟೀನುಗಳು ಜೋಡಿಯಾಗಿ ಡಿಎನ್‌ಎ ಮೇಲೆ ಕುಳಿತು ಪೀರಿಯಡ್, ಟೈಮ್‌ಲೆಸ್ ಜೀನುಗಳನ್ನು ಚಾಲೂ ಮಾಡುತ್ತವೆ. ಆದರೆ ಹೊಸದಾಗಿ ಹುಟ್ಟಿದ ಪೀರಿಯಡ್ ಪ್ರೋಟೀನು ಒಂಟಿಯಾಗಿ ಬಾಳದು. ಡಬಲ್‌ಟೈಮ್ ಎಂಬ ಕಿಣ್ವ ಅದಕ್ಕೆ ಫಾಸ್ಫೇಟ್ ಅಂಟಿಸಿ ನಾಶದ ದಾರಿಗೆ ತಳ್ಳುತ್ತದೆ. ಟೈಮ್‌ಲೆಸ್ ಪ್ರೋಟೀನು ಜೊತೆಗೂಡಿದರೆ ಮಾತ್ರ ಉಳಿಗಾಲ. ರಾತ್ರಿ ಈ ಜೋಡಿ ಕೋಶಕೇಂದ್ರವನ್ನು ಹೊಕ್ಕು, ಕ್ಲಾಕ್ ಮತ್ತು ಸೈಕಲ್‌ಗಳ ಕೆಲಸ ನಿಲ್ಲಿಸಿ, ತನ್ನನ್ನು ಹುಟ್ಟಿಸಿದ ಜೀನುಗಳನ್ನೇ ಸುಮ್ಮನಾಗಿಸುತ್ತದೆ. ಬೆಳಗಾದಾಗ ಬೆಳಕು ತಾಗಿದ ಕ್ರಿಪ್ಟೋಕ್ರೋಮ್ ಪ್ರೋಟೀನು ಟೈಮ್‌ಲೆಸ್‌ಗೆ ಅಂಟಿ ಅದರ ನಾಶಕ್ಕೆ ಕಾರಣವಾಗುತ್ತದೆ. ಆಸರೆ ತಪ್ಪಿದ ಪೀರಿಯಡ್ ಕೂಡ ಕ್ರಮೇಣ ಕರಗುತ್ತದೆ. ಜೀನುಗಳು ಮತ್ತೆ ಕೆಲಸಕ್ಕಿಳಿಯುತ್ತವೆ.

ಈ ಸುತ್ತಿನ ಜೀವಾಳವೇ ತಡ. ಪ್ರೋಟೀನು ಹುಟ್ಟಿದ ಕೂಡಲೇ ತನ್ನ ಜೀನನ್ನು ತಡೆದಿದ್ದರೆ ಎಲ್ಲವೂ ಒಂದೇ ಮಟ್ಟದಲ್ಲಿ ನಿಂತುಬಿಡುತ್ತಿತ್ತು, ಹಗಲಿರುಳಿನ ಏರಿಳಿತ ಮೂಡುತ್ತಲೇ ಇರಲಿಲ್ಲ. ಸಂಗಾತಿ ಸಿಗಲು ತಗಲುವ ಹೊತ್ತು, ಕಿಣ್ವ ಒಡ್ಡುವ ಅಡ್ಡಿ ಎರಡೂ ಸೇರಿ ದಿನವನ್ನು 24 ಗಂಟೆಯಷ್ಟು ಹಿಗ್ಗಿಸುತ್ತವೆ.

ಮನುಷ್ಯರಲ್ಲೂ ಇದೇ ಸೂತ್ರ. ಸಂಜೆಯೇ ನಿದ್ದೆ ಕವಿದು, ಬೆಳಗಿನ ಜಾವಕ್ಕೂ ಮುಂಚೆ ಎಚ್ಚರವಾಗುವ ಒಂದು ಕುಟುಂಬವನ್ನು ಪರೀಕ್ಷಿಸಿದಾಗ, ಪೀರಿಯಡ್‌ನ ಮಾನವ ರೂಪವೊಂದರಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿದ್ದು 2001ರಲ್ಲಿ ತಿಳಿಯಿತು. ಡಬಲ್‌ಟೈಮ್‌ನ ಮಾನವ ಸೋದರ ಕಿಣ್ವ ಬಂದು ಅಂಟುವ ಜಾಗವೇ ಅದು.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಬೇಗ ಪ್ಯೂಪಾ ಕವಚ ಒಡೆದು ಹೊರಬರುವ, ತಡವಾಗಿ ಹೊರಬರುವ ನೊಣಗಳನ್ನು ತಲೆಮಾರುಗಟ್ಟಲೆ ಬೇರೆ ಬೇರೆಯಾಗಿ ಬೆಳೆಸಿ ಗಡಿಯಾರದ ವಿಕಾಸವನ್ನು ಅಭ್ಯಸಿಸಿದ್ದಾರೆ. ಅನೇಕರು ರಾತ್ರಿಪಾಳಿಯಲ್ಲಿ ದುಡಿಯುವ ಈ ನಗರಕ್ಕೆ ಅಂಥ ಅಧ್ಯಯನ ದೂರದ ವಿಷಯವಲ್ಲ.

2017ರಲ್ಲಿ ಹಾಲ್, ರೋಸ್‌ಬಾಶ್, ಯಂಗ್ ಅವರಿಗೆ ನೊಬೆಲ್ ಸಂದಿತು. ನೊಣದ ನಿದ್ದೆಯಿಂದ ಯಾರಿಗೇನು ಲಾಭ ಎಂದು 1971ರಲ್ಲೇ ಲೆಕ್ಕ ಕೇಳಿ ಹಣ ನಿಲ್ಲಿಸಿದ್ದರೆ, ನಮ್ಮ ನಿದ್ದೆ ಏಕೆ ಕೆಡುತ್ತದೆ ಎಂದು ಕೇಳುವ ದಾರಿಯೂ ತೆರೆಯುತ್ತಿರಲಿಲ್ಲ. ಮೂಲವಿಜ್ಞಾನಕ್ಕೆ ಹಣ ಕೊಡುವವರು ಇದನ್ನು ಮರೆಯಬಾರದು.