ಗುಡುಗಿಗೆ ಹುಟ್ಟುವ ಫಗಾ

ಜೆಲ್ಡಾದ ‘ಬ್ರೆತ್ ಆಫ್ ದ ವೈಲ್ಡ್’ ಆಡಿದವರಿಗೆ ಜ್ಯಾಪ್‌ಶ್ರೂಮ್ ನೆನಪಿರಬೇಕು. ಮರುಭೂಮಿಯ ಗೆರುಡೋ ಸೀಮೆಯಲ್ಲಿ ಸಿಗುವ ಅಣಬೆ. ಅಡುಗೆ ಮಾಡಿ ತಿಂದರೆ ಸ್ವಲ್ಪ ಹೊತ್ತು ಕರೆಂಟ್ ಹೊಡೆತ ಅಷ್ಟಾಗಿ ತಾಗಲ್ಲ. ಮರಳು, ಮಿಂಚು, ಅಣಬೆ: ಇದೆಲ್ಲಿಯ ಜೋಡಣೆ ಅನ್ನಿಸಬಹುದು. ಮಹಬೂಲಾದಲ್ಲಿ ಬೆಳೆದ ನನಗೆ ಹಾಗನ್ನಿಸಲಿಲ್ಲ.

ಕುವೈತಿನ ಮರಳಲ್ಲಿ ಫಗಾ ಅಂತ ಒಂದು ಶಿಲೀಂಧ್ರ ಸಿಗುತ್ತೆ. ಕೊಡೆಯಿಲ್ಲ, ಕಾಂಡವಿಲ್ಲ, ನೋಡೋಕೆ ಮಣ್ಣು ಮೆತ್ತಿದ ಆಲೂಗಡ್ಡೆ. ಗುಡುಗಿದರೆ ಫಗಾ ಹುಟ್ಟುತ್ತೆ ಅನ್ನೋದು ಅರಬರ ಹಳೆಯ ನಂಬಿಕೆ. ಊರಲ್ಲಿ ನಮ್ಮಜ್ಜಿ ಅಣಬೆ ಬಗ್ಗೆ ಹೇಳೋದೂ ಇದನ್ನೇ!

ಆದರೆ ಗುಡುಗಿಗಿಂತ ಮುಖ್ಯವಾದದ್ದು ಮಳೆ ಬೀಳುವ ಸಮಯ. ಅಕ್ಟೋಬರ್ ನಡುವಿನಿಂದ ಡಿಸೆಂಬರ್ ಆರಂಭದವರೆಗಿನ ಮಳೆಗೆ ಇಲ್ಲಿ ‘ವಸ್ಮ್’ ಎನ್ನುತ್ತಾರೆ. ಅದು ಚೆನ್ನಾಗಿ ಬಿದ್ದರೆ ‘ರಗ್ರೂಗ್’ ಎಂಬ ಪುಟ್ಟ ಗಿಡ ಚಿಗುರುತ್ತೆ. ಫಗಾದ ನೂಲಿನಂಥ ಎಳೆಗಳು ಇದರ ಬೇರಿಗೆ ಅಂಟಿಕೊಂಡು ನೀರು, ಖನಿಜ ಒದಗಿಸುತ್ತವೆ. ಬದಲಿಗೆ ಗಿಡ ಸಕ್ಕರೆ ಕೊಡುತ್ತೆ. ಈ ಲೇವಾದೇವಿ ತಿಂಗಳುಗಟ್ಟಲೆ ನಡೆದ ಮೇಲೆಯೇ ಫಗಾ ಬಲಿಯೋದು. ಅದು ಉಬ್ಬಿದಾಗ ಮೇಲಿನ ಮರಳು ಬಿರಿಯುತ್ತೆ, ಹುಡುಕುವವರು ಆ ಬಿರುಕನ್ನೇ ನೋಡ್ತಾರೆ. ವಸ್ಮ್ ಕೈಕೊಟ್ಟರೆ ಆಮೇಲೆ ಎಷ್ಟು ಗುಡುಗಿದರೂ ಪ್ರಯೋಜನವಿಲ್ಲ. ಗೇಮ್‌ನಲ್ಲಾದರೆ ಕಿತ್ತ ಜಾಗದಲ್ಲೇ ಅಣಬೆ ಮತ್ತೆ ಬಂದು ಕೂತಿರುತ್ತೆ.

ನಮ್ಮ ಕರಾವಳಿಯ ಕಲ್ಲಣಬೆಯದ್ದೂ ಹೆಚ್ಚುಕಡಿಮೆ ಇದೇ ಕಥೆ. ಅದೂ ಮಣ್ಣೊಳಗಿನ ಉಂಡೆ, ಅದಕ್ಕೂ ಕಾಡುಮರದ ಬೇರಿನ ಜೊತೆ ವ್ಯವಹಾರ, ಅದರ ರೇಟೂ ಕೇಳೋ ಹಾಗಿಲ್ಲ. ಒಳಗೆ ಬೆಳ್ಳಗಿದ್ದರೆ ಪದಾರ್ಥಕ್ಕೆ, ಕಪ್ಪಾಗಿದ್ದರೆ ಕಸಕ್ಕೆ. ಹಾಗಾಗಿ ಫಗಾ ತಂದಾಗ ಅಮ್ಮ ತಲೆ ಕೆಡಿಸಿಕೊಳ್ಳಲ್ಲ, ಕಾಯಿತುರಿ ಹಾಕಿ ಸುಕ್ಕ ಮಾಡ್ತಾರೆ. ಕುವೈತಿಗಳು ಅನ್ನ, ಮಾಂಸದ ಜೊತೆ ಬೇಯಿಸ್ತಾರೆ. ನನ್ನ ವೋಟು ಸುಕ್ಕಕ್ಕೆ.

ಹುಡುಕೋಕೆ ನಾವೇ ಮರುಭೂಮಿಗೆ ಹೋಗೋಣ ಅಂತ ಪ್ರತಿ ವರ್ಷ ಯಾರಾದರೂ ಗೆಳೆಯರು ಹೊರಡ್ತಾರೆ. ಬೇಡ. 1990-91ರ ಯುದ್ಧದ ನೆಲಬಾಂಬು, ಸಿಡಿಯದೆ ಉಳಿದ ಮದ್ದುಗುಂಡು ಇನ್ನೂ ಅಲ್ಲಲ್ಲಿ ಮರಳಡಿ ಇವೆ. ಗಾಳಿಗೆ ಮರಳು ಸರಿದಾಗ ಅವೂ ಮೇಲೆ ಬರುತ್ತವೆ. ಹಿಂದಿನ ಸೇವ್‌ಗೆ ವಾಪಸ್ ಹೋಗೋ ಸೌಲಭ್ಯ ಇಲ್ಲಿಲ್ಲ.

ಫೆಬ್ರುವರಿಯಲ್ಲಿ ಕುವೈತಿಗೆ ಬಂದರೆ ಮಾರ್ಕೆಟ್ಟಿನಲ್ಲೇ ಕೊಳ್ಳಿ. ಬಿಳಿಯ ‘ಜುಬೈದಿ’ ದುಬಾರಿ, ಕಂದು ಬಣ್ಣದ ‘ಖ್ಲಾಸಿ’ ಸ್ವಲ್ಪ ಅಗ್ಗ. ಒತ್ತಿ ನೋಡಿ, ಗಟ್ಟಿಯಿದ್ದದ್ದನ್ನೇ ಆರಿಸಿ. ಸಿಪ್ಪೆ ಹೆರೆದು ನಾಲ್ಕೈದು ನೀರಲ್ಲಿ ತೊಳೀರಿ, ಇಲ್ಲದಿದ್ದರೆ ಹಲ್ಲಿಗೆ ಮರಳು ಸಿಗುತ್ತೆ.